ಎಡಗೈ ಎತ್ತಿದವರು

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಯಾರಾದರೂ ಗೋಕಾಕದ ನಮ್ಮ ಮನೆಗೆ ಬಂದು, ಚಹಾ ಕುಡಿದು, "ನಿಮ್ಮ ಅನುಭವ ಹೇಳ್ರಿ ಸರ್" ಎಂದರೆ ನನಗೆ ಮೊದಲು ಬರುವ ಯೋಚನೆ, ಇವರನ್ನು ಯಾರು ಕಳಿಸಿರಬಹುದು ಎಂಬುದು. ಎರಡನೆಯದು, ಇವರ ಜೇಬಿನಲ್ಲಿರುವ ಫೋನು ನನ್ನ ಮಾತನ್ನು ಹಿಡಿದಿಟ್ಟುಕೊಳ್ಳುತ್ತಿದೆಯೇ ಎಂಬುದು. ಹಾಗಾಗಿ ಏನೂ ಹೇಳದೆ ಬಿಸ್ಕೀಟು ಕೊಟ್ಟು ಕಳಿಸಿದ್ದೇ ಹೆಚ್ಚು. ಬರೆದರೆ ಒಂದು ಅನುಕೂಲವಿದೆ. ಏನು ಹೇಳಿದೆ ಎಂಬುದಕ್ಕೆ ನನ್ನ ಹತ್ತಿರವೂ ಒಂದು ಪ್ರತಿ ಇರುತ್ತದೆ.

ಇದು ನನ್ನ ಹುಟ್ಟುಗುಣ. ಸಂತೆಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಎಲ್ಲರೂ ಮಾಡುವ ಕೆಲಸ. ನಾನು ಕೊಂಡುಕೊಂಡ ಮೇಲೂ ಮನೆ ಮುಟ್ಟುವವರೆಗೆ ಅಲ್ಲಾಡಿಸುತ್ತಲೇ ಬರುತ್ತೇನೆ. ಹೆಂಡತಿ ಶಾಂತಾ ಮದುವೆಯಾದ ಹೊಸತರಲ್ಲಿ ಇದಕ್ಕೆ ಸಿಟ್ಟಾಗುತ್ತಿದ್ದಳು. ಈಗ ನಗುತ್ತಾಳೆ. ಇಲಾಖೆಯಲ್ಲಿ ಮಾತ್ರ ಈ ಗುಣಕ್ಕೆ ಬೆಲೆ ಬಂತು. ನಾನು ಶಿಕ್ಷಣ ಸಂಯೋಜಕ ಎಂಬ ಹುದ್ದೆಗೆ ಹೇಗೆ ಬಂದೆ ಎಂಬುದು ಬೇಡ. ಹತ್ತಾರು ಶಾಲೆಗಳನ್ನು ಸುತ್ತಿ, ಕಂಡದ್ದನ್ನು ವರದಿ ಬರೆದು ಕಚೇರಿಗೆ ಕೊಡುವುದು ಅದರ ಕೆಲಸ. ಕೊನೆಯ ವರ್ಷಗಳಲ್ಲಿ ನನ್ನ ವರದಿಗಳಲ್ಲಿ ಹೆಚ್ಚಿನವು ವಿಡಿಯೊ ಕಾಲ್‌ಗಳ ಮೇಲೆಯೇ ಇದ್ದವು. ತರಗತಿಯಲ್ಲಿ ಕುಳಿತ ಮಕ್ಕಳಿಗೆ ಹೊರಗಿನ ಜಗತ್ತನ್ನು ತೋರಿಸುವ ಕಾಲ್‌ಗಳು ಅವು. ಅಂಥ ಒಂದು ಕಾಲ್ ಬಗ್ಗೆ ನಾನು ಬರೆದ ಎರಡು ಪುಟದ ಸಂಗತಿ ಹೇಳಬೇಕಾಗಿದೆ. ಆದರೆ ಅದು ತಿಳಿಯಬೇಕಾದರೆ ಮೊದಲ ಶಾಲೆಗೆ ಹೋಗಬೇಕು.

ಮೊದಲ ಶಾಲೆ ಹುಕ್ಕೇರಿ ತಾಲೂಕಿನದು, ಸಂಕೇಶ್ವರದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಊರಿನ ಹೆಸರು ಬೇಡ. ಅಲ್ಲಿನ ಹೆಡ್ ಮಾಸ್ತರರು ಗುರುಸಿದ್ಧಪ್ಪ ಎಂಬವರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹಣೆಯ ತುಂಬ ವಿಭೂತಿ. ಸುಳ್ಳು ಹೇಳುವ ಮುಖವೇ ಅಲ್ಲ ಅದು. ಸಾಹೇಬರು ತಪಾಸಣೆಗೆ ಬರುವ ಒಂದು ವಾರ ಮುಂಚೆ ಅವರು ನನ್ನನ್ನು ಕರೆದು ಹೇಳಿದರು:

"ಸಾಹೇಬ್ರ ಪ್ರಶ್ನಿ ಕೇಳಿದಾಗ ಒಂದ ಕೈನೂ ಕೆಳಗ ಇರಬಾರ್ದು ನೋಡ್ರಿ. ಉತ್ರ ಬರವ್ರು ಬಲಗೈ ಎತ್ತಲಿ. ಬರದವ್ರು ಎಡಗೈ ಎತ್ತಲಿ. ನೀವು ಬಲಗೈ ಎತ್ತಿದವ್ರನ್ನಷ್ಟ ಎಬ್ಬಸ್ರಿ."

ಹಾಗೆಯೇ ಮಾಡಿದೆವು. ಸಾಹೇಬರು ಏನು ಕೇಳಿದರೂ ಇಡೀ ತರಗತಿಯ ಕೈಗಳು ಮೇಲೆ. ಎದ್ದು ನಿಂತವರೆಲ್ಲ ಸರಿಯಾದ ಉತ್ತರ ಹೇಳುವವರೇ. ಸಾಹೇಬರು ಖುಷಿಯಾಗಿ ಬೆಲ್ಲ ಶೇಂಗಾ ತಿಂದು ಹೋದರು. ನನಗೆ ಆಗ ಇಪ್ಪತ್ತೈದು ವರ್ಷ. ಇಂಥ ಚಾಲಾಕಿ ಕಲಿತದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು.

ನಾನು ಅದಕ್ಕೊಂದು ಸುಧಾರಣೆಯನ್ನೂ ಮಾಡಿದೆ. ಪ್ರತಿ ಪ್ರಶ್ನೆಗೂ ಯಾವ ಕೈ ಎಂದು ಮಕ್ಕಳೇ ನಿರ್ಧರಿಸಬೇಕಾದರೆ ತಡವಾಗುತ್ತಿತ್ತು. ಕೆಲವರು ಎರಡೂ ಕೈ ಎತ್ತುತ್ತಿದ್ದರು. ಅದಕ್ಕೆ ಜೂನ್ ತಿಂಗಳಲ್ಲೇ ಹಾಜರಿ ಪುಸ್ತಕ ಹಿಡಿದು, ನೀನು ಬಲಗೈ, ನೀನು ಎಡಗೈ ಎಂದು ಹೇಳಿಬಿಡುತ್ತಿದ್ದೆ. ವರ್ಷವಿಡೀ ಅದೇ. ತಪಾಸಣೆ ಇರಲಿ ಬಿಡಲಿ, ರೂಢಿ ತಪ್ಪಬಾರದೆಂದು ದಿನದ ಪಾಠದಲ್ಲೂ ಹಾಗೆಯೇ ನಡೆಸಿದೆ. ಆ ಶಾಲೆಯಲ್ಲಿ ಹನ್ನೊಂದು ವರ್ಷ ಇದ್ದೆ. ಬಿಡುವಾಗ ಊರವರು ಶಾಲು ಹೊದಿಸಿದರು.

ವರ್ಷಗಳು ಕಳೆದು, ಕರೋನಾ ಬಂದು ಹೋದ ಮೇಲೆ, ಎಲ್ಲರ ಕೈಗೂ ಫೋನು ಬಂತು. ಆಗ ನಾನು ಗೋಕಾಕ ಭಾಗದಲ್ಲಿ ಸಂಯೋಜಕ. ಮೊದಮೊದಲು ವಿಡಿಯೊ ಕಾಲ್ ಎಂದರೆ ಜಗತ್ತು ನೋಡುವುದಲ್ಲ, ಜಗತ್ತೇ ನಮ್ಮನ್ನು ನೋಡುವುದಾಗಿತ್ತು. ಒಬ್ಬ ಮೇಲಧಿಕಾರಿ ಇದ್ದರು. ಹನ್ನೊಂದು ಗಂಟೆಗೆ ಇದ್ದಕ್ಕಿದ್ದಂತೆ ಯಾವುದಾದರೂ ಶಾಲೆಗೆ ಕಾಲ್ ಮಾಡಿ, "ಹುಡುಗೂರನ್ನ ತೋರಸ್ರಿ" ಎನ್ನುತ್ತಿದ್ದರು. ನಾನು ಅವರ ಬಾಜೂ ಕುಳಿತು ಎಣಿಸಬೇಕು. ಒಂದು ಶಾಲೆಯವರು ಮಕ್ಕಳನ್ನು ಸಾಲಾಗಿ ಫೋನಿನ ಮುಂದೆ ನಡೆಸಿದರು. ಹಾಜರಿ ಪುಸ್ತಕದಲ್ಲಿ ಇದ್ದಷ್ಟು ತಲೆ ಸರಿಯಾಗಿ ಬಂದವು. ಅಧಿಕಾರಿಗಳು ತಲೆಯಾಡಿಸಿದರು. ನಾನು ಹೇಳಿದೆ, "ಸಾಹೇಬ್ರ, ಆ ಕೆಂಪ ರಿಬ್ಬನ್ನಿನ ಹುಡುಗಿ ಎರಡ ಸಲ ಬಂದಾಳ." ಮುಂದೆ ಹಾದುಹೋದ ಮಕ್ಕಳು ಗೋಡೆ ಸುತ್ತಿ ಮತ್ತೆ ಸಾಲಿನ ಕೊನೆಗೆ ಸೇರುತ್ತಿದ್ದರು. ಅಧಿಕಾರಿಗಳು ನನ್ನ ಬೆನ್ನು ತಟ್ಟಿ, ನಿಮ್ಮದು ಹದ್ದಿನ ಕಣ್ಣು ಎಂದರು. ಆ ಒಂದು ಮಾತು ನನ್ನ ತಲೆಗೇರಿ ಕುಳಿತಿತು.

ಆಮೇಲೆ ಹೊರಗಿನವರ ಭಾಷಣದ ಕಾಲ ಬಂತು. ದೂರದ ಊರಿಂದ ದೊಡ್ಡ ದೊಡ್ಡವರು ಮಕ್ಕಳಿಗೆ ಫೋನಿನಲ್ಲೇ ಬುದ್ಧಿ ಹೇಳುವರು. ನಾಗನೂರ ಕಡೆಯ ಒಂದು ಶಾಲೆಯಲ್ಲಿ ನಾನೂ ಮಕ್ಕಳ ಜೊತೆ ಕುಳಿತಿದ್ದೆ. ಮಾತಾಡುತ್ತಿದ್ದವರು ಒಂದು ಬೆರಳು ಎತ್ತಿ, ಬಾಯಿ ತೆರೆದು, ಹಾಗೆಯೇ ನಿಂತರು. ನೆಟ್‌ವರ್ಕ್ ಹೋಗಿ ಚಿತ್ರ ನಿಂತುಬಿಟ್ಟಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಅವರೇನೋ ಗಂಭೀರವಾದದ್ದು ಹೇಳಲಿದ್ದಾರೆ ಎಂದು ಎಂಬತ್ತು ಮಕ್ಕಳು ಕೈಕಟ್ಟಿ ಕಾಲು ತಾಸು ಸುಮ್ಮನೆ ಕಾದರು. ಅವರ ಜೊತೆ ನಾನೂ ಕಾದೆ. ಇದರಿಂದ ಮಕ್ಕಳಿಗೆ ಏನು ಸಿಕ್ಕಿತೆಂದು ಯಾರೂ ಕೇಳಲಿಲ್ಲ. ಕಾಲ್ ನಡೆಯಿತು ಎಂಬುದಕ್ಕೆ ಫೋಟೊ ಇದ್ದರೆ ಸಾಕಿತ್ತು. ಇಂಥವನ್ನು ನೋಡಿ ನೋಡಿ, ಇಡೀ ಏರ್ಪಾಡೇ ಒಂದು ನಾಟಕ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಹೀಗಿರುವಾಗ ನನ್ನನ್ನು ಮೂಡಲಗಿ ಕಡೆಗೆ ಹಾಕಿದರು. ನಿವೃತ್ತಿಗೆ ಆರೇಳು ತಿಂಗಳು ಉಳಿದಿತ್ತು. ಮಸಗುಪ್ಪಿಯಿಂದ ಆಚೆ ಒಂದು ಹಳ್ಳಿಯ ಶಾಲೆ. ಅಲ್ಲಿ ಶಬಾನಾ ಎಂಬ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಕಾಯಂ ನೌಕರಿ ಅಲ್ಲ. ವರ್ಷ ವರ್ಷ ತೆಗೆದುಕೊಳ್ಳುತ್ತಾರೆ, ಬೇಡವೆಂದರೆ ಒಂದು ಮಾತಿನಲ್ಲಿ ನಿಲ್ಲಿಸುತ್ತಾರೆ. ಊರಿನ ಹುಡುಗರು ಸೇರಿ ಶಾಲೆಗೆ ಒಂದು ದೊಡ್ಡ ಟಿವಿ ಕೊಟ್ಟಿದ್ದರು. ಈ ಶಬಾನಾ ತನ್ನ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ ವಾರಕ್ಕೊಮ್ಮೆ ಎಲ್ಲೆಲ್ಲಿಗೋ ಕಾಲ್ ಮಾಡಿ ಮಕ್ಕಳ ಜೊತೆ ಮಾತಾಡಿಸುತ್ತಿದ್ದಳು. ಆಕೆಯ ಮೇಲೆ ಒಂದು ಅರ್ಜಿ ಬಂತು. ಕೆಳಗೆ ಹೆಸರಿಲ್ಲ, ಸಹಿ ಇಲ್ಲ. 'ಸದರಿ ಶಿಕ್ಷಕಿಯು ಹೆಣ್ಣುಮಕ್ಕಳನ್ನು ಗುರುತಿಲ್ಲದ ಗಂಡಸರಿಗೆ ಫೋನಿನಲ್ಲಿ ತೋರಿಸುತ್ತಾಳೆ' ಎಂದು ಬರೆದಿತ್ತು.

ಕಚೇರಿಯಲ್ಲಿ ಅರ್ಜಿಯನ್ನು ನನ್ನ ಕೈಗಿತ್ತರು. "ಹೋಗಿ ನೋಡ್ರಿ ಸರ್ರ. ನಿಮ್ಮ ಕಣ್ಣಿಗಿ ಬಿದ್ದದ್ದನ್ನ ಬರೀರಿ. ನಾವ್ ಅದರ ಮ್ಯಾಲ ನಡೀತೀವಿ." ಆಕೆ ಉಳಿಯುವುದು, ಹೋಗುವುದು ನಾನು ಬರೆಯುವ ಎರಡು ಪುಟದ ಮೇಲೆ ನಿಂತಿತು. ಅದು ನನಗೂ ಗೊತ್ತಿತ್ತು.

ಹೇಳದೆ ಕೇಳದೆ ಹೋದೆ. ಗಾಡಿಯನ್ನು ಪಂಚಾಯ್ತಿಯ ಹತ್ತಿರ ನಿಲ್ಲಿಸಿ, ಶಾಲೆಯ ಮುಂಬಾಗಿಲಿಗೆ ಹೋಗದೆ ಹಿಂದಿನಿಂದ ಸುತ್ತಿ ಬಂದು, ಒಂದು ಕಿಟಕಿಯ ಹತ್ತಿರ ಬಗ್ಗಿ ನಿಂತೆ. ಐವತ್ತೊಂಬತ್ತು ದಾಟಿದ ಮನುಷ್ಯ ಹೀಗೆ ನಿಲ್ಲಬಾರದೆಂದು ಆಗ ಅನಿಸಲಿಲ್ಲ. ಕಿಟಕಿಯ ಒಳಗೆ ದೊಡ್ಡ ಕಪಾಟು. ಅದರಾಚೆ ಕುಳಿತ ಮಕ್ಕಳು ನನಗೆ ಕಾಣುತ್ತಿರಲಿಲ್ಲ. ಎದುರು ಗೋಡೆಯ ಟಿವಿ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಟಿವಿಯ ಅರ್ಧಕ್ಕೆ ಒಬ್ಬ ಗಡ್ಡದ ಗಂಡಸು, ಅವನ ಹಿಂದೆ ಕಬ್ಬಿಣದ ಕಟಕಟೆ, ಅದರ ಹಿಂದೆ ಬರೀ ನೀರು. ಇನ್ನರ್ಧಕ್ಕೆ ನಮ್ಮ ಮಕ್ಕಳು, ಲ್ಯಾಪ್‌ಟಾಪಿನ ಕ್ಯಾಮೆರಾ ಹಿಡಿದಂತೆ.

ಮಾತು ಮಾತ್ರ ಒಂದೂ ಕೇಳಲಿಲ್ಲ. ಕಬ್ಬಿನ ಹಂಗಾಮು. ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು, ಕಬ್ಬು ಹೇರಿದ ಎರಡೆರಡು ಡಬ್ಬಿ ಎಳೆದುಕೊಂಡು, ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ನನಗೇನು, ಕಣ್ಣಿತ್ತಲ್ಲ. ಗಡ್ಡದವನು ಏನೋ ಕೇಳಿದ. ಟಿವಿಯಲ್ಲಿ ಮಕ್ಕಳ ಕೈಗಳು ಮೇಲೆದ್ದವು. ಒಂದೂ ಬಿಡದೆ ಎಲ್ಲವೂ. ಕೆಲವರದು ಬಲಗೈ, ಕೆಲವರದು ಎಡಗೈ.

ಇದು ನನ್ನದೇ ವಿದ್ಯೆ. ಇನ್ನೇನು ಆಗುತ್ತದೆ ಎಂದು ನೋಡಿದೆ. ಶಬಾನಾ ಬಲಗೈ ಎತ್ತಿದ ಒಬ್ಬ ಹುಡುಗನನ್ನು ಎಬ್ಬಿಸಿದಳು. ಆಮೇಲೆ ಬಲಗೈ ಎತ್ತಿದ ಒಂದು ಹುಡುಗಿಯನ್ನು. ಆಮೇಲೆ ಮತ್ತೊಬ್ಬ ಬಲಗೈಯವನನ್ನು. ಎಡಗೈಯವರ ಕಡೆ ತಿರುಗಲಿಲ್ಲ. ಸಿಕ್ಕಿಬಿದ್ದೆಯಲ್ಲ ತಾಯಿ, ಎಂದುಕೊಂಡೆ. ಮಕ್ಕಳ ಹಿಂದಿನ ಗೋಡೆಗೆ ಹಚ್ಚಿದ ವರ್ಣಮಾಲೆಯ ತಕ್ತೆ ಟಿವಿಯಲ್ಲಿ ಏಕೋ ವಿಚಿತ್ರವಾಗಿ ಕಂಡಿತು, ಒಂದು ಅಕ್ಷರವೂ ಓದಲಾಗಲಿಲ್ಲ. ಕನ್ನಡಕ ತೆಗೆದು ಧೂಳು ಒರೆಸಿಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಕಾಲ್ ಮುಗಿದ ಮೇಲೆ ಮುಂಬಾಗಿಲಿನಿಂದ, ಈಗ ಬಂದವನ ಹಾಗೆ ಒಳಗೆ ಹೋದೆ. ಶಬಾನಾಳನ್ನು ಹೊರಗೆ ಕರೆದೆ. ಮೂವತ್ತೈದರ ಹತ್ತಿರದ ಹೆಣ್ಣುಮಗಳು, ತಲೆಯ ಮೇಲೆ ದುಪಟ್ಟ, ಕೈಯಲ್ಲಿ ಸೀಮೆಸುಣ್ಣದ ಧೂಳು.

"ಆ ಮನಷ್ಯಾ ಯಾರ್ರಿ?" ಎಂದೆ.

"ನಮ್ಮ ಅಕ್ಕನ ಗಂಡ್ರಿ ಸರ್. ಹೊನ್ನಾವರದವ್ರು. ಸಾಮಾನ ಒಯ್ಯು ಹಡಗಿನ್ಯಾಗ ಅಡಗಿ ಮಾಡ್ತಾರ. ಹೆಡ್ ಸರ್‌ಗೂ ಹೇಳೇನಿ."

"ಮಕ್ಕಳಿಗೆ ಎಲ್ಲಾ ಮೊದ್ಲ ಹೇಳಿಕೊಟ್ಟೀರೇನು?"

"ಇಲ್ರಿ ಸರ್."

ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಹೇಳಿ, ಇನ್ನೇನೋ ಕೇಳುವವಳ ಹಾಗೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ನನಗೆ ಸಿಟ್ಟು ಬಂತು. ಮಾಡಿದ್ದು ಸಾಲದೆ ಎಂಥ ಧೈರ್ಯ ಎನಿಸಿತು. ನಾನು ಮುಂದೆ ಏನೂ ಕೇಳಲಿಲ್ಲ.

ವರದಿಯನ್ನು ಅಂದೇ ಸಂಜೆ ಬರೆದೆ. ನನ್ನ ವರದಿಯ ಕನ್ನಡ ಕಚೇರಿಯಲ್ಲಿ ಹೆಸರಾಗಿತ್ತು. 'ಮಕ್ಕಳಿಗೆ ಮುಂಚಿತವಾಗಿ ತರಬೇತಿ ನೀಡಿ, ಉತ್ತರ ಬಲ್ಲವರನ್ನಷ್ಟೇ ಆಯ್ದು ಮಾತನಾಡಿಸಿ, ಕುಟುಂಬದ ಸದಸ್ಯರನ್ನೇ ಅತಿಥಿಯೆಂದು ತೋರಿಸಿ, ಪ್ರದರ್ಶನ ಏರ್ಪಡಿಸಿದ್ದು ಕಂಡುಬಂದಿರುತ್ತದೆ. ಕೇಳಲಾಗಿ ನಿರಾಕರಿಸಿರುತ್ತಾರೆ.' ಕಿಟಕಿಯ ಮಾತು ಬರೆಯಲಿಲ್ಲ. 'ಖುದ್ದು ವೀಕ್ಷಿಸಲಾಗಿ' ಎಂದು ಬರೆದೆ. ನನ್ನ ವರದಿಯ ಮೇಲೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಸೋಮವಾರದಿಂದ ಬರಬೇಡಿರೆಂದು ಶಬಾನಾಗೆ ಹೇಳಿ ಕಳಿಸಿದರು. ಟಿವಿಗೆ ಹೊದಿಕೆ ಬಿತ್ತು.

ಅದರ ಮುಂದಿನ ರವಿವಾರ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಕುಳಿತು ಪೇಪರು ಓದುತ್ತಿದ್ದೆ. ಶಾಂತಾ ಬಾಗಿಲಲ್ಲಿ ಯಾರ ಜೊತೆಗೋ ಮಾತಾಡಿ, ಒಳಗೆ ಬಾ ಎಂದಳು. ನೋಡಿದರೆ ಶಬಾನಾ, ಹೆಗಲಿಗೆ ಲ್ಯಾಪ್‌ಟಾಪಿನ ಚೀಲ. ಕೈಕಾಲು ಹಿಡಿಯಲು ಬಂದಿದ್ದಾಳೆ ಎಂದುಕೊಂಡೆ. ಇಲ್ಲವೇ ಮಾತಿನಲ್ಲಿ ನನ್ನನ್ನು ಸಿಕ್ಕಿಸಲು. ಯಾವುದಕ್ಕೂ ಇರಲಿ ಎಂದು ಶಾಂತಾಳನ್ನು ಅಲ್ಲೇ ಕೂರಿಸಿಕೊಂಡೆ.

"ಸರ್, ಕೆಲಸಾ ಕೊಡ್ರಿ ಅಂತ ಕೇಳಾಕ ಬಂದಿಲ್ಲ," ಎಂದಳು. "ನೀವು ಏನ ನೋಡಿದ್ರಿ ಅನ್ನೂದಷ್ಟ ಹೇಳ್ರಿ. ಉತ್ರ ಬರವ್ರನ್ನಷ್ಟ ಎಬ್ಬಸ್ತಿದ್ದಳು ಅಂತ ಬರದೀರಂತ. ಹೆಂಗ ಗೊತ್ತಾತ್ರಿ?"

"ಬಲಗೈ, ಎಡಗೈ," ಎಂದೆ. "ಆ ಆಟ ನನಗ ಹೊಸದಲ್ಲ. ಬಲಗೈ ಎತ್ತಿದವ್ರನ್ನಷ್ಟ ಎಬ್ಬಿಸಿದ್ರಿ. ಟಿವಿಯೊಳಗ ನಾನ ಕಣ್ಣಾರೆ ನೋಡೇನಿ."

"ಟಿವಿಯೊಳಗ," ಎಂದಳು ಮೆಲ್ಲಗೆ. ಚೀಲ ಬಿಚ್ಚಿ ಲ್ಯಾಪ್‌ಟಾಪನ್ನು ನನ್ನ ಮುಂದಿನ ಸ್ಟೂಲಿನ ಮೇಲಿಟ್ಟು ಕ್ಯಾಮೆರಾ ತೆರೆದಳು. ಪರದೆಯಲ್ಲಿ ನನ್ನ ಮುಖ ಬಂತು. "ಸರ್, ಎಡಗೈ ಎತ್ತರಿ."

ಎತ್ತಿದೆ. ಪರದೆಯಲ್ಲಿ ನನ್ನೆದುರು ಕುಳಿತಿದ್ದ ಮುದುಕ ಬಲಗೈ ಎತ್ತಿದ. ಅವನ ಹಿಂದೆ ನಮ್ಮ ಗೋಡೆಯ ಕ್ಯಾಲೆಂಡರಿನ ಅಂಕಿಗಳೆಲ್ಲ ಉಲ್ಟಾ ಇದ್ದವು. ಕನ್ನಡಿಯಲ್ಲಿ ಆಗುವ ಹಾಗೆಯೇ. ನಮ್ಮ ಚಿತ್ರ ನಮಗೆ ಹೀಗೆ ಕಾಣುತ್ತದೆ, ಆಚೆ ಕಡೆಯವರಿಗೆ ನೇರವಾಗಿಯೇ ಕಾಣುತ್ತದೆ ಎಂದು ಆಕೆ ಬಿಡಿಸಿ ಹೇಳಿದಳು. ನಾನು ಕೈ ಇಳಿಸುವುದನ್ನು ಮರೆತು ಹಾಗೆಯೇ ಕುಳಿತಿದ್ದೆ. ಓದಲು ಬಾರದ ಆ ವರ್ಣಮಾಲೆ ಕಣ್ಣ ಮುಂದೆ ಬಂತು.

"ನಾ ಎಬ್ಬಿಸಿದ್ದು ಎಡಗೈಯವ್ರನ್ನ ಸರ್. ನಮ್ಮ ಕ್ಲಾಸಿನ್ಯಾಗ ಉತ್ರ ಗೊತ್ತಿದ್ದವ್ರು ಬಲಗೈ ಎತ್ತತಾರ. ಗೊತ್ತಿಲ್ಲ, ಕೇಳಬೇಕು ಅನ್ನವ್ರು ಎಡಗೈ. ಎಡಗೈಯವ್ರಿಗಿ ಮೊದ್ಲ ಪಾಳಿ. ಅವತ್ತ ಸೃಷ್ಟಿ ಅನ್ನೂ ಹುಡುಗಿ ಏನ ಕೇಳಿದ್ಲು ಗೊತ್ತೇನ್ರಿ? ಸುತ್ತಾಕಡಿ ನೀರ ಐತಿ, ನೀವು ಕುಡ್ಯಾಕ ನೀರ ಬ್ಯಾರೆ ಯಾಕ ಒಯ್ತೀರಿ ಅಂದ್ಲು. ನಮ್ಮ ಭಾವ ಸಮುದ್ರದ ನೀರು ಒಂದ ಬೋಗುಣ್ಯಾಗ ಕಾಸಿ, ಕೆಳಗ ಉಳಿದ ಉಪ್ಪ ತೋರಿಸಿದ್ರು. ಹೇಳಿಕೊಟ್ಟ ಮಾತಲ್ರಿ ಅದು."

ಅದು ಕಟ್ಟಿದ ಮಾತಲ್ಲ ಎಂದು ನನಗೂ ತಿಳಿಯಿತು. ಆದರೂ ನನ್ನ ಬುದ್ಧಿ ಎಲ್ಲಿ ಹೋಗಬೇಕು? "ಈ ಬಲಗೈ ಎಡಗೈ ನಿಮಗ ಯಾರ ಕಲಿಸಿದ್ರು?" ಎಂದು ಕೇಳಿದೆ. ಎಲ್ಲೋ ಒಂದು ಕಡೆ ಆಕೆ ಸಿಕ್ಕಿಬೀಳಲಿ ಎಂಬ ಆಸೆ ಇನ್ನೂ ಇತ್ತು, ಸುಳ್ಳು ಹೇಳಲಾರೆ.

"ನೀವ ಕಲಿಸಿದ್ರಿ ಸರ್," ಎಂದಳು.

ಸಂಕೇಶ್ವರದಾಚೆಯ ಆ ಊರಿನ ಹೆಸರು ಹೇಳಿದಳು. ಗುರುಸಿದ್ಧಪ್ಪನವರ ಹೆಸರು ಹೇಳಿದಳು. ಎರಡನೇ ತರಗತಿಯಿಂದ ನಾಲ್ಕರವರೆಗೆ ನನ್ನ ಕೈಯಲ್ಲಿ ಕಲಿತವಳಂತೆ. ಕಿಟಕಿಯ ಬಾಜೂ, ಮೂರನೇ ಸಾಲಿನಲ್ಲಿ ಕೂಡುತ್ತಿದ್ದಳಂತೆ. ಎಷ್ಟು ಜಗ್ಗಿದರೂ ಆ ಮುಖ ನನ್ನ ನೆನಪಿಗೆ ಬರಲಿಲ್ಲ.

"ಮೊದಲನೇ ದಿನಾ ಹಾಜರಿ ಪುಸ್ತಕ ನೋಡಿ ನನಗ ಎಡಗೈ ಅಂದ್ರಿ. ಮೂರ ವರ್ಷ ಎಡಗೈನ ಎತ್ತೀನಿ. ಒಂದ ಸಲಾನೂ ನನ್ನ ಎಬ್ಬಿಸಲಿಲ್ಲ. ಒಮ್ಮೆ ಸಾಹೇಬ್ರು ಬಂದು ಏಳ ಎಂಟ್ಲೆ ಎಷ್ಟು ಅಂದ್ರು. ನನಗ ಬರ್ತಿತ್ತು ಸರ್. ಐವತ್ತಾರು ಅಂತ ಬಾಯಾಗ ಇತ್ತು. ಆದ್ರ ನನ್ನದು ಎಡಗೈ." ಲ್ಯಾಪ್‌ಟಾಪು ಮುಚ್ಚುತ್ತ, "ನೀವು ಶಾಲಿಗಿ ಬಂದ ದಿನಾ ನಿಮ್ಮ ಗುರತ ಹತ್ತಿತ್ತು. ನೀವೂ ಗುರತ ಹಿಡೀತೀರೇನೋ ಅಂತ ನೋಡಿದೆ," ಎಂದಳು.

ಆಕೆ ಅಳಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಶಾಂತಾ ಎದ್ದು ಒಳಗೆ ಹೋದಳು. ಚಹಾ ತಂದು ಆಕೆಯ ಕೈಗೆ ಕೊಟ್ಟು, ನನ್ನ ಕಡೆ ನೋಡದೆ, "ಕಾಯಿ ಅಲ್ಲಾಡಿಸಿ ನೋಡೂದು ಬರ್ತೈತಿ ಇವ್ರಿಗಿ. ಒಡದು ನೋಡೂದು ಬರೂದಿಲ್ಲ ತಂಗಿ," ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಆಕೆಯ ಮುಂದೆ ನಾನು ಅಷ್ಟು ಸಣ್ಣವನಾದದ್ದು ಅದೊಂದೇ ಸಲ.

ಹೊರಡುವಾಗ ಬಾಗಿಲವರೆಗೆ ಹೋದೆ. "ತಪ್ಪಾತವಾ," ಎಂದೆ. ಅಲ್ಲಿಯವರೆಗೆ ರೀ ಎಂದು ಕರೆಯುತ್ತಿದ್ದವಳನ್ನು ಮನೆಮಗಳ ಹಾಗೆ ವಾ ಎಂದದ್ದು ನನಗೆ ಆಮೇಲೆ ಗಮನಕ್ಕೆ ಬಂತು. ಆಕೆ ಬರೀ ತಲೆಯಾಡಿಸಿ ಬಸ್ಸಿಗೆ ಹೋದಳು.

ಎರಡನೇ ವರದಿ ಬರೆಯಲು ನಾಲ್ಕು ದಿನ ಹಿಡಿಯಿತು. ನಿಜ ಹೇಳುತ್ತೇನೆ, ನಾಲ್ಕು ದಿನವೂ ಬರೆಯದೆ ಪಾರಾಗುವ ದಾರಿಯನ್ನೇ ಹುಡುಕಿದೆ. ನಿವೃತ್ತಿಗೆ ಮೂರು ತಿಂಗಳಿತ್ತು, ಪಿಂಚಣಿ ಕಾಗದಗಳೆಲ್ಲ ಅದೇ ಕಚೇರಿಯ ಮೇಜಿನ ಮೇಲಿದ್ದವು. ಆಕೆಯೇ ಏನಾದರೂ ಚಾಲಾಕಿ ಮಾಡಿರಬಹುದೆ ಎಂದು ಕನ್ನಡಿಯ ಮುಂದೆ ನಿಂತು ಎಡಗೈ ಎತ್ತಿ ನೋಡಿದೆ. ಕೊನೆಗೆ ಬರೆದೆ. ಕಿಟಕಿಯಲ್ಲಿ ಬಗ್ಗಿ ನಿಂತದ್ದು, ಮಾತು ಕೇಳಿಸದಿದ್ದದ್ದು, ಟಿವಿಯ ಚಿತ್ರ ಉಲ್ಟಾ ಎಂದು ತಿಳಿಯದಿದ್ದದ್ದು, ಬಲಗೈ ಎಡಗೈಯ ಆ ಪದ್ಧತಿಯನ್ನು ನಾನೇ ಹನ್ನೊಂದು ವರ್ಷ ನಡೆಸಿದ್ದರಿಂದ ಮನಸ್ಸು ಅತ್ತಲೇ ಓಡಿದ್ದು, ಎಲ್ಲವನ್ನೂ ಬರೆದೆ.

ಕಚೇರಿಯಲ್ಲಿ ಓದಿ ತಲೆ ಕೆರೆದುಕೊಂಡರು. "ಸರ್ರ, ಇದನ್ನ ಹಿಂಗ ಯಾಕ ಬರೀತೀರಿ? ತಪ್ಪು ತಿಳುವಳಿಕೆಯಿಂದ ಅಂತ ಒಂದ ಸಾಲ ಹಾಕ್ರಿ, ಮುಗೀತು. ಹೋಗೂ ಹೊತ್ತಿನ್ಯಾಗ ಹೆಸರ ಕೆಡಸ್ಕೊಬ್ಯಾಡ್ರಿ."

"ಆಕಿ ಹೆಸರ ಕೆಡಸಾಕ ಎರಡ ಪುಟ ಬರದೇನ್ರಿ," ಎಂದೆ. "ತಿದ್ದಾಕ ಒಂದ ಸಾಲ ಹೆಂಗ ಸಾಕಾಗ್ತೈತಿ?"

ಹಾಗೆಯೇ ಇಟ್ಟುಕೊಂಡರು. ಶಬಾನಾ ಮತ್ತೆ ಶಾಲೆಗೆ ಬರಲು ಇಪ್ಪತ್ತು ದಿನ ಹಿಡಿಯಿತು. ಆ ಇಪ್ಪತ್ತು ದಿನ ನಾನು ಆ ದಾರಿಯಲ್ಲಿ ಹೋಗಲಿಲ್ಲ. ಕಚೇರಿಯಲ್ಲಿ ಕೆಲವರು ನನ್ನನ್ನು ಕಂಡರೆ ಎಡಗೈ ಎತ್ತಿ ನಮಸ್ಕಾರ ಮಾಡತೊಡಗಿದರು. ಮಾಡಲಿ ಎಂದು ಬಿಟ್ಟೆ.

ಇದನ್ನು ಓದುವ ಹೊಸಬರೇ, ಸಂಶಯ ಬಿಡಿರಿ ಎಂದು ನಾನು ಹೇಳಲಾರೆ. ನನಗೇ ಬಿಡಲಾಗಿಲ್ಲ. ಮಕ್ಕಳ ಮುಖವನ್ನು ಯಾರೋ ಎಲ್ಲಿಂದಲೋ ನೋಡುತ್ತಾರೆ ಎಂದರೆ ಹತ್ತು ಸಲ ವಿಚಾರಿಸಲೇಬೇಕು. ಎರಡನೇ ವರದಿಯ ಕೊನೆಗೆ ಅದನ್ನೂ ಬರೆದಿದ್ದೆ. ಕಾಲ್ ನಡೆಯುವಾಗ ಬಾಗಿಲು ತೆರೆದಿರಲಿ, ತಾಯಿತಂದೆ ಬಂದು ಕೂಡಲಿ, ಮಕ್ಕಳ ಚಿತ್ರವನ್ನು ಯಾರೂ ಹಿಡಿದಿಟ್ಟುಕೊಳ್ಳಬಾರದು ಎಂದು. ಶಬಾನಾ ಒಪ್ಪಿದಳು. ಈಗ ಕಬ್ಬು ಕಡಿದು ಬಂದ ತಾಯಂದಿರೂ ಸೆರಗು ಸರಿಮಾಡಿಕೊಂಡು ಹಿಂದಿನ ಸಾಲಿನಲ್ಲಿ ಕೂಡುತ್ತಾರಂತೆ. ಆ ಹೆಸರಿಲ್ಲದ ಅರ್ಜಿ ಬರೆದವರು ಯಾರು ಎಂದು ನನಗೊಂದು ಅನುಮಾನವಿದೆ. ಹೇಳುವ ಹಕ್ಕು ನನಗೆ ಉಳಿದಿಲ್ಲ.

ನಿವೃತ್ತನಾಗಿ ಎರಡು ತಿಂಗಳಿಗೆ ಶಬಾನಾಳ ಮೆಸೇಜು ಬಂತು. ಮಕ್ಕಳು ವಿಡಿಯೊ ಕಾಲಿನಲ್ಲಿ ನನ್ನ ಜೊತೆ ಮಾತಾಡಬೇಕಂತೆ. ಹಡಗಿನವರಾದರು, ಕೊಲ್ಹಾಪುರದ ಚಪ್ಪಲಿ ಮಾಡುವವರಾದರು, ಈ ವಾರ ಪಾಳಿ ನನ್ನದಂತೆ. ನಾನು ಆ ಮೆಸೇಜನ್ನು ಮೂರು ಸಲ ಓದಿದೆ. ಇದರಲ್ಲೇನೋ ಇದೆ ಎನಿಸಿತು. ಎಲ್ಲರ ಮುಂದೆ ನನ್ನ ಮಾನ ತೆಗೆಯಲು ಇರಬಹುದು. ಶಾಂತಾಗೆ ಹೇಳಿದೆ. "ತೆಗೀಲಿ ಬಿಡ್ರಿ, ಭಾಳ ಕೂಡಿಟ್ಟೀರಿ," ಎಂದು ಆಕೆ ಅವಲಕ್ಕಿ ಡಬ್ಬಿಗೆ ಆನಿಸಿ ಫೋನು ನಿಲ್ಲಿಸಿ ಕೊಟ್ಟಳು.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತೆ. ಪರದೆಯಲ್ಲಿ ಆ ತರಗತಿ ಬಂತು. ಕಪಾಟು, ಮಕ್ಕಳು, ಹಿಂದೆ ವರ್ಣಮಾಲೆ. ಈ ಸಲ ಅಕ್ಷರಗಳು ನೆಟ್ಟಗೆ ಇದ್ದವು. ಮಕ್ಕಳು ಏನೇನೋ ಕೇಳಿದರು. ನಿಮ್ಮ ಕಾಲದಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದಿರಾ, ನಿಮಗೆ ಯಾರು ಹೊಡೆಯುತ್ತಿದ್ದರು, ಈಗ ಹೊತ್ತು ಹೇಗೆ ಕಳೆಯುತ್ತೀರಿ. ಎಲ್ಲಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಮೂವತ್ತಾರು ವರ್ಷ ಅದೇ ಕೆಲಸ ಮಾಡಿದವನಿಗೆ ಉತ್ತರಕ್ಕೆ ಕೊರತೆಯೇ?

ಆಮೇಲೆ ಎರಡು ಜಡೆಯ ಒಂದು ಸಣಕಲು ಹುಡುಗಿ ಎದ್ದಿತು. ತನ್ನ ಹೆಸರು ಸೃಷ್ಟಿ ಎಂದಿತು. ಉಪ್ಪಿನ ಪ್ರಶ್ನೆ ಕೇಳಿದವಳು.

"ಸರ್ರ, ಆವತ್ತ ನಾ ನೀರ ಕುಡ್ಯಾಕ ಹೊರಗ ಬಂದಾಗ ನೀವು ಕಿಟಕಿ ಹಂತ್ಯಾಕ ಬಗ್ಗಿ ನಿಂತಿದ್ರಿ. ಬಾಗಲಾ ತೆರದ ಇತ್ತಲ್ರಿ. ಒಳಗ ಯಾಕ ಬರಲಿಲ್ರಿ?"

ಶಬಾನಾ ಆ ಮಗುವಿನ ಭುಜ ಹಿಡಿದು ಕೂರಿಸಲು ಹೋದಳು. ಆಕೆಗೂ ಈ ಪ್ರಶ್ನೆ ಹೊಸದು ಎಂಬುದು ಮುಖದಲ್ಲೇ ಕಾಣುತ್ತಿತ್ತು. ಹುಡುಗಿ ಕೂಡಲಿಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅದಕ್ಕೆ.

ನಾನು ಹೇಳಬಹುದಾದದ್ದು ಬೇಕಾದಷ್ಟಿತ್ತು. ಕರ್ತವ್ಯ, ಗುಪ್ತ ತಪಾಸಣೆ, ಅರ್ಜಿ. ಎಲ್ಲವೂ ವರದಿಯ ಕನ್ನಡದಲ್ಲಿ ನಾಲಿಗೆಯ ತುದಿಗೆ ಬಂದವು. ಆದರೆ ಮಗು ಕೇಳಿದ್ದಕ್ಕೆ ಅದಾವುದೂ ಉತ್ತರವಾಗಿರಲಿಲ್ಲ. ಬಾಗಿಲು ತೆರೆದೇ ಇತ್ತು. ನಾನು ಒಳಗೆ ಹೋಗಲಿಲ್ಲ. ಯಾಕೆ ಎಂಬುದು ನನಗೆ ಗೊತ್ತಿರಲಿಲ್ಲ.

ನಾನು ಎಡಗೈ ಎತ್ತಿದೆ.

ನನ್ನ ಫೋನಿನ ಮೂಲೆಯ ಸಣ್ಣ ಚೌಕದಲ್ಲಿ ಅದು ಬಲಗೈಯಾಗಿ ಕಂಡಿತು. ಆಚೆ ಕಡೆ ಸರಿಯಾಗಿಯೇ ಕಂಡಿರಬೇಕು.

ಶಬಾನಾ ಸೃಷ್ಟಿಯ ಭುಜದಿಂದ ಕೈ ತೆಗೆದಳು. ಆಮೇಲೆ, "ಏಳ್ರಿ ಸರ್," ಎಂದಳು.

ನಾನು ಎದ್ದು ನಿಂತೆ.